ನಿಘಂಟು ಬರೆದವರ ಮನೆಯಲ್ಲಿ ಅಡುಗೆ ಯಾರದು?

ಇವತ್ತು ಒಬ್ಬ ದೇವಸೇವಕರ ಜೀವಿತ ಹೇಳ್ತೀನಿ. ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಅವರ ಪ್ರತಿಮೆ ಇದೆ. ರೆವರೆಂಡ್ ಫರ್ಡಿನೆಂಡ್ ಕಿಟೆಲ್.

1832ರಲ್ಲಿ ಜರ್ಮನಿಯಲ್ಲಿ ಒಬ್ಬ ಪಾಸ್ಟರ್ ಮಗನಾಗಿ ಹುಟ್ಟಿದರು. 1853ರಲ್ಲಿ ಬಾಸೆಲ್ ಮಿಷನ್ ಅವರನ್ನು ನಮ್ಮ ನಾಡಿಗೆ ಕಳಿಸ್ತು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿಯಲ್ಲಿ ಇದ್ದರು. ಸುವಾರ್ತೆ ಹೇಳೋಕೆ ಕನ್ನಡ ಕಲಿಯಲು ಕೂತವರು, ಕನ್ನಡಕ್ಕೇ ಜೀವ ತೇದರು. 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1903ರ ಡಿಸೆಂಬರಿನಲ್ಲಿ ಕರ್ತನಲ್ಲಿ ನಿದ್ರೆಹೋದರು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಮನೆ ಕೂಟಗಳಲ್ಲಿ ಇದನ್ನು ಎಷ್ಟೋ ಸಾರಿ ಹೇಳಿದೀನಿ. ಒಂದ್ಸಲ ಹಿರೇಕೆರೂರಿನ ಕಡೆ ಒಬ್ಬ ಅಕ್ಕ ನಮಗಾಗಿ ರೊಟ್ಟಿ ಬಡಿಯುತ್ತಲೇ ಕೇಳಿದ್ರು, ಅಷ್ಟು ವರ್ಷ ಆ ದೊರೆಗೆ ಅಡುಗೆ ಮಾಡಿ ಹಾಕಿದೋರು ಯಾರು ಅಂತ. ನಾನು ಸುಮ್ಮನಾದೆ.

ಅವತ್ತು ರಾತ್ರಿ ಸೇವೆ ಮುಗಿಸಿ ದಣಿದೆ ಅಂತ ಮನೇಲಿ ಕೂತೆ. ನನ್ನ ಹೆಂಡತಿಯೂ ಡ್ಯೂಟಿ ಮುಗಿಸಿಯೇ ಬಂದಿದ್ದಳು. ಆದರೆ ಅವಳು ಮುಸುರೆ ತಿಕ್ಕುತ್ತಾ ನಿಂತಿದ್ದಳು. ಆ ಅಕ್ಕನ ಪ್ರಶ್ನೆ ನನ್ನನ್ನೇ ಹಿಡೀತು.

ಆಮೇಲೆ ಓದಿದೆ. ಕಿಟೆಲ್ ಅವರು 1860ರಲ್ಲಿ ಪೌಲೀನ್ ಎಂಬ ಸಹೋದರಿಯನ್ನು ಮದುವೆಯಾದರು. ಆಕೆ 1864ರಲ್ಲಿ ತೀರಿಕೊಂಡರು. 1867ರಲ್ಲಿ ಪೌಲೀನರ ಒಡಹುಟ್ಟಿದ ಯೂಲಿ ಅವರ ಕೈ ಹಿಡಿದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಈ ಸೇವಕರ ಸಂಸಾರ ಹೊತ್ತರು. ನಾನು ಮಾತ್ರ ಒಂದು ಸಾರಿಯೂ ಅವರ ಹೆಸರು ಹೇಳಿರಲಿಲ್ಲ.

ಕಿಟೆಲ್ ಅವರನ್ನು ಸಣ್ಣವರು ಮಾಡೋಕೆ ಇದನ್ನು ಹೇಳ್ತಿಲ್ಲ. ಅವರ ಕಾಲ ಬೇರೆ. ಒಲೆ, ಒನಕೆ ಎಂಬ ಪದಗಳನ್ನೂ ಅವರು ಪ್ರೀತಿಯಿಂದ ನಿಘಂಟಿಗೆ ಸೇರಿಸಿದರು. ತಿದ್ದಿಕೊಳ್ಳಬೇಕಾದವನು ನಾನು. ಎದ್ದು ಬಂದ ಕರ್ತನೇ ತಿಬೇರಿಯ ಸಮುದ್ರದ ದಡದಲ್ಲಿ ಕೆಂಡ ಮಾಡಿ, ಶಿಷ್ಯರಿಗೆ ಮೀನು ರೊಟ್ಟಿ ಸಿದ್ಧಮಾಡಿ ಬಡಿಸಿದ. ಅಷ್ಟರಿಂದ ಆತನ ಮಹಿಮೆ ಕಡಿಮೆಯಾಗಲಿಲ್ಲ. ಪಾತ್ರೆ ತೊಳೆದರೆ ನನ್ನ ಅಭಿಷೇಕ ಕಡಿಮೆಯಾಗುತ್ತಾ?

ತಮ್ಮಂದಿರೇ, ಹೆಂಡತಿಗೆ ಹೆಲ್ಪ್ ಮಾಡ್ತೀನಿ ಅನ್ನೋದನ್ನು ಬಿಡಿ. ಮನೆ ಇಬ್ಬರದು, ಕೆಲಸವೂ ಇಬ್ಬರದು. ಈ ಶನಿವಾರ ಇಬ್ಬರೂ ಕೂತು, ಅಡುಗೆ, ಪಾತ್ರೆ, ಬಟ್ಟೆ, ಕಸ, ಮಗುವಿನ ಹೋಂವರ್ಕ್ ಎಲ್ಲಾ ಒಂದು ಹಾಳೆಯಲ್ಲಿ ಬರೀರಿ. ಅವರಿಗೆ ಯಾವುದು ಭಾರ ಅಂತ ಮೊದಲು ಕೇಳಿ. ತಂಗಿಯರೇ, ಅವರು ಮಾಡಿದ್ದು ಸ್ವಲ್ಪ ಸೊಟ್ಟ ಆದರೆ ನಗಬೇಡಿ, ಕಲೀತಾರೆ.

ನಮ್ಮ ಮನೇಲಿ ಈಗ ರಾತ್ರಿ ಮುಸುರೆ ನನ್ನದು. ಕರ್ತನು ನಿಮ್ಮ ಮನೆಗಳನ್ನು ಆಶೀರ್ವದಿಸಲಿ. ಆಮೆನ್.