ಹಸಿ ಹಾಲಿನ ಗುಟ್ಟು ಬಿಡಿಸಿದ ಆಲಿಸ್ ಇವಾನ್ಸ್

ಮಕ್ಕಳೇ, ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕಿದ್ದನ್ನು ನೀವು ಕೇಳಿರಬಹುದು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಬ್ರೂಸೆಲ್ಲ ಎಂಬ ಬ್ಯಾಕ್ಟೀರಿಯ. ಇದು ಹಸುವಿನ ಗರ್ಭಕೋಶದಲ್ಲೂ ಕೆಚ್ಚಲಿನಲ್ಲೂ ಬೆಳೆಯುತ್ತದೆ. ಇದರಿಂದ ಬರುವ ಕಾಯಿಲೆಯೇ ಕಂದು ರೋಗ. ಹಸುವಿನ ಈ ರೋಗಾಣು ಮನುಷ್ಯರನ್ನೂ ಕಾಡಬಲ್ಲದು ಎಂದು ಮೊದಲು ಎಚ್ಚರಿಸಿದವರು ಯಾರು ಗೊತ್ತೇ? ಆಲಿಸ್ ಇವಾನ್ಸ್.

ಆಲಿಸ್ 1881ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ನೀತ್ ಎಂಬ ಊರಿನ ರೈತರ ಮನೆಯಲ್ಲಿ ಹುಟ್ಟಿದರು. ಕಾಲೇಜಿಗೆ ಸೇರಲು ಹಣವಿರಲಿಲ್ಲ. ನಿಮ್ಮ ಟೀಚರ್ ಹಾಗೆಯೇ ಅವರೂ ನಾಲ್ಕು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು. ಆಗ ಕಾರ್ನೆಲ್ ವಿಶ್ವವಿದ್ಯಾಲಯ ಹಳ್ಳಿ ಶಿಕ್ಷಕರಿಗೆ ಶುಲ್ಕವಿಲ್ಲದೆ ನಿಸರ್ಗ ಪಾಠ ಕಲಿಸುತ್ತಿತ್ತು. ಅಲ್ಲಿಗೆ ಹೋದ ಆಲಿಸ್‌ಗೆ ವಿಜ್ಞಾನದ ರುಚಿ ಹತ್ತಿತು. 1909ರಲ್ಲಿ ಪದವಿ ಪಡೆದರು. ಮುಂದೆ ಸರ್ಕಾರದ ಹೈನುಗಾರಿಕೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು.

ಆಗಷ್ಟೇ ಕರೆದ ಹಾಲಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಗಳಿವೆ ಎಂದು ಹುಡುಕುವುದು ಅವರ ಕೆಲಸ. ನೋಡಲು ಆರೋಗ್ಯವಾಗಿದ್ದ ಹಸುಗಳ ಹಾಲಿನಲ್ಲೂ ಕಂದು ರೋಗದ ಬ್ಯಾಕ್ಟೀರಿಯ ಸಿಕ್ಕಿತು! ಡೆನ್ಮಾರ್ಕಿನ ಬ್ಯಾಂಗ್ ಎಂಬುವರು ಇದನ್ನು 1897ರಲ್ಲೇ ಗುರುತಿಸಿದ್ದರು. ಅದಕ್ಕೂ ಹತ್ತು ವರ್ಷ ಮೊದಲು, ಮಾಲ್ಟ ದ್ವೀಪದಲ್ಲಿ ಸೈನಿಕರನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು ಡೇವಿಡ್ ಬ್ರೂಸ್ ಎಂಬ ವೈದ್ಯರು ಕಂಡುಹಿಡಿದಿದ್ದರು. ಆ ಜ್ವರ ಮೇಕೆ ಹಾಲಿನಿಂದ ಬರುತ್ತಿತ್ತು. ಒಂದು ಕಡ್ಡಿಯಾಕಾರದ್ದು, ಇನ್ನೊಂದು ದುಂಡನೆಯದು ಎಂದು ಪುಸ್ತಕಗಳಲ್ಲಿ ಬರೆದಿತ್ತು. ಹಾಗಾಗಿ ಎರಡನ್ನೂ ಹೋಲಿಸಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಆಲಿಸ್ ಹೋಲಿಸಿದರು. ಎರಡೂ ಹತ್ತಿರದ ನೆಂಟರು! ಮೇಕೆ ಹಾಲಿನಿಂದ ಜ್ವರ ಬರುವುದಾದರೆ ಹಸುವಿನ ಹಸಿ ಹಾಲಿನಿಂದ ಏಕೆ ಬರಬಾರದು?

1917ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಅವರು ಇದನ್ನು ಮಂಡಿಸಿದರು. ಯಾರೂ ನಂಬಲಿಲ್ಲ. ಇಷ್ಟು ಸರಳ ಸಂಗತಿ ದೊಡ್ಡ ವಿಜ್ಞಾನಿಗಳ ಕಣ್ಣಿಗೆ ಬೀಳದೆ ಇರುತ್ತದೆಯೇ ಎಂಬ ಅನುಮಾನ. ಹೇಳಿದವರು ಹೆಣ್ಣುಮಗಳು, ಡಾಕ್ಟರೇಟ್ ಪದವಿಯೂ ಇಲ್ಲ. ಹಾಲು ಕಾಯಿಸುವ ಯಂತ್ರ ಮಾರುವವರ ಪರ ಇವರು ಮಾತಾಡುತ್ತಿದ್ದಾರೆ ಎಂದು ಹಾಲಿನ ವ್ಯಾಪಾರಿಗಳು ದೂರಿದರು.

1922ರಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗ ಅದೇ ರೋಗಾಣು ಆಲಿಸ್‌ಗೂ ತಗುಲಿತು. ಜ್ವರ, ಮೈಕೈ ನೋವು, ಸುಸ್ತು. ಬಿಟ್ಟಂತೆ ಮಾಡಿ ಮತ್ತೆ ಮತ್ತೆ ಮರುಕಳಿಸುತ್ತಿತ್ತು, ಅದೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ! ಎಷ್ಟೋ ದಿನ ವೈದ್ಯರು ಇದನ್ನು ಬರೀ ನರಗಳ ದೌರ್ಬಲ್ಯ ಎಂದುಕೊಂಡಿದ್ದರು. ಕೊನೆಗೆ ಅವರ ದೇಹದಲ್ಲೇ ಬ್ರೂಸೆಲ್ಲ ಸಿಕ್ಕಿತು.

ಅಷ್ಟರಲ್ಲಿ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಪರೀಕ್ಷಿಸಿ ಆಲಿಸ್ ಹೇಳಿದ್ದು ಸರಿ ಎಂದಿದ್ದರು. 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯ ವಿಜ್ಞಾನಿಗಳ ಸಂಘಕ್ಕೆ ಅವರು ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿದರೆ ಈ ರೋಗಾಣು ಸಾಯುತ್ತದೆ. ನಿಮ್ಮ ಅಮ್ಮ ಹಾಲನ್ನು ಉಕ್ಕುವವರೆಗೆ ಕಾಯಿಸುತ್ತಾರಲ್ಲ, ಆಗಲೂ ಅಷ್ಟೇ. 1930ರ ದಶಕದಲ್ಲಿ ಅಮೆರಿಕದ ಹಲವೆಡೆ ಹಾಲನ್ನು ಕಾಯಿಸಿಯೇ ಮಾರಬೇಕೆಂಬ ನಿಯಮ ಬಂತು.

ಆಲಿಸ್ 1975ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಈಗ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಹಾಕುತ್ತಾರೆ. ನಿಮ್ಮ ಕೊಟ್ಟಿಗೆಯಲ್ಲಿ ಹೆಣ್ಣು ಕರುವಿದ್ದರೆ ಅದಕ್ಕೆ ಹಾಕಿಸಿದ್ದಾರೆಯೇ ಎಂದು ಮನೆಯಲ್ಲಿ ಕೇಳಿ ನೋಡಿ.