ಕಿಟ್ಟೆಲ್ ಅಯ್ಯನವರೂ ವಿವೇಚನೆಯ ಮಾರ್ಗವೂ

ಹೊಲವನ್ನು ಮಾರಬೇಕೋ ಉಳಿಸಿಕೊಳ್ಳಬೇಕೋ, ಮದುವೆಗೆ ಸಾಲ ಮಾಡಬಹುದೋ ಬಾರದೋ, ನೆರೆಯವರು ಕರೆದ ಹಬ್ಬದೂಟಕ್ಕೆ ಹೋಗಬಹುದೋ ಬಾರದೋ ಎಂದು ಕೆಂಗೇರಿಯ ಕಡೆಯ ಸಭೆಯವರು ನಮ್ಮನ್ನು ಕೇಳುವದುಂಟು. ಇಂಥ ಸಮಯಗಳಲ್ಲಿ ಕೆಲವರು ಕನಸಿಗಾಗಿ ಕಾಯುತ್ತಾರೆ. ಕೆಲವರು ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು, ಬೆರಳು ಬಿದ್ದ ವಚನವನ್ನೇ ಉತ್ತರವೆಂದು ಎಣಿಸುತ್ತಾರೆ. ಅಂಥವರ ಸಹಾಯಕ್ಕಾಗಿ ಫರ್ಡಿನೆಂಡ್ ಕಿಟ್ಟೆಲ್ ಅಯ್ಯನವರ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಇವರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿ ದೇಶದ ಉತ್ತರ ಕರಾವಳಿಯ ಸೀಮೆಯಲ್ಲಿ ಒಬ್ಬ ಬೋಧಕರ ಮಗನಾಗಿ ಹುಟ್ಟಿದರು. 1853ರಲ್ಲಿ ಬಾಸೆಲ್ ಮಿಷನಿನವರು ಇವರನ್ನು ನಮ್ಮ ದೇಶಕ್ಕೆ ಕಳುಹಿಸಿದರು. ಈ ದೇಶದವರ ನಡುವೆ ಅವರಂತೆಯೇ ಬಾಳಬೇಕೆಂಬ ಇವರ ಹಂಬಲವು ಮಿಷನಿನ ಹಿರಿಯರಿಗೆ ರುಚಿಸಲಿಲ್ಲ. ಆದರೂ ಇವರು ಕನ್ನಡಿಗರನ್ನಾಗಲಿ ಮಿಷನನ್ನಾಗಲಿ ಬಿಡಲಿಲ್ಲ.

ಸುವಾರ್ತೆಯನ್ನು ಸಾರಲು ಬಂದವನು ಅನ್ಯಮತದವರ ಗ್ರಂಥಗಳನ್ನು ಓದುತ್ತಾ ವರುಷಗಳನ್ನು ಕಳೆಯಬಹುದೋ ಎಂಬ ಪ್ರಶ್ನೆಯು ಆಗ ಸಣ್ಣದಾಗಿರಲಿಲ್ಲ. ಕಿಟ್ಟೆಲರು ಅವುಗಳನ್ನು ಕಣ್ಣು ಮುಚ್ಚಿ ತಳ್ಳಿಬಿಡಲಿಲ್ಲ; ಮೊರದಲ್ಲಿ ಕೇರುವವಳು ಜೊಳ್ಳನ್ನು ಹಾರಿಸಿ ಕಾಳನ್ನು ಉಳಿಸಿಕೊಳ್ಳುವಂತೆ ಪರಿಶೋಧಿಸಿದರು. 1862ರಲ್ಲಿ ಕರ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳುವ ಕಥಾಮಾಲೆಯನ್ನು ಹೊರಡಿಸಿದರು. ಜೈನನಾದ ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಅಚ್ಚುಮಾಡಿಸಿದರು.

ಇವರ ಬಾಳು ಸುಖದ್ದಾಗಿರಲಿಲ್ಲ. 1864ರಲ್ಲಿ ಹೆಂಡತಿಯು ತೀರಿಕೊಂಡಳು. ತರುವಾಯ ಆಕೆಯ ತಂಗಿಯನ್ನು ವಿವಾಹವಾದರು. 1877ರಲ್ಲಿ ಸ್ವದೇಶಕ್ಕೆ ಹಿಂತಿರುಗಿದರು. ಆದರೆ ನಿಘಂಟಿನ ಕೆಲಸವು ಮುಗಿದಿರಲಿಲ್ಲ. ಆದಕಾರಣ 1883ರಲ್ಲಿ, ಐವತ್ತು ದಾಟಿದ ಮೇಲೆ, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಮರಳಿ ಬಂದರು. ಸುಮಾರು 70,000 ಶಬ್ದಗಳ ಆ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1903ನೆಯ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗನ್ ಪಟ್ಟಣದಲ್ಲಿ ಇವರು ನಿದ್ರೆಹೋದರು. ಯಾವ ಮತದ ಕನ್ನಡಿಗನಾದರೂ ಇಂದಿಗೂ ಆ ಗ್ರಂಥವನ್ನು ತೆರೆಯುತ್ತಾನೆ. ಬೆಂಗಳೂರಿನ ಮೇಯೋ ಹಾಲಿನ ಬಳಿಯಲ್ಲಿ ಇವರ ಪ್ರತಿಮೆಯೂ ಉಂಟು.

ಮನೆಯವರನ್ನು ಬಿಟ್ಟು ಬಂದದ್ದು ಸರಿಯೋ ಎಂದು ಕೇಳುವವರಿದ್ದಾರೆ. ನಾವು ತೀರ್ಪುಮಾಡಲಾರೆವು, ಆ ಕೆಲಸದ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ, ಆ ತಾಯಿಯೂ ಮಕ್ಕಳೂ ತೆತ್ತರು. ಇದನ್ನೂ ಮರೆಯದೆ ಕಲಿಯೋಣ. ಅವರಂತೆ ಮನೆ ಬಿಟ್ಟು ಹೋಗಬೇಕೆಂದು ನಾವು ಯಾರಿಗೂ ಹೇಳುವದಿಲ್ಲ. ಅವರಂತೆ ಪರಿಶೋಧಿಸಿರಿ ಎಂದಷ್ಟೇ ಹೇಳುವೆವು.

ಹೊಲದ ಕಾಗದಕ್ಕೆ ರುಜು ಹಾಕುವ ಮೊದಲು ಕೇಳಿಕೊಳ್ಳಿರಿ: ಇದು ದೇವರ ವಾಕ್ಯಕ್ಕೆ ವಿರೋಧವೋ? ಇದರ ಬೆಲೆಯನ್ನು ನನ್ನ ಮನೆಯಲ್ಲಿ ಯಾರು ತೆರುವರು? ನನಗಿಂತ ಬಲಹೀನನಾದ ಸಹೋದರನು ಇದರಿಂದ ಎಡವುವನೋ? ದಲ್ಲಾಳಿಯ ಅವಸರವನ್ನು ದೇವರ ಕರೆಯೆಂದು ನಾನು ತಪ್ಪಾಗಿ ತಿಳಿದಿದ್ದೇನೋ? ಸಭೆಯ ಹಿರಿಯರ ಸಂಗಡಲೂ ಹೆಂಡತಿಯ ಸಂಗಡಲೂ ಕೂತು ಮಾತಾಡಿ ಪ್ರಾರ್ಥಿಸಿರಿ. ಪೌಲನು ಥೆಸಲೋನಿಕದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯವನ್ನು ಮನೆಯಲ್ಲಿ ಓದಿಸಿರಿ. ಒಂದು ಶಬ್ದದ ಅರ್ಥವನ್ನು ತಿಳಿಯಲು ಆ ಭಕ್ತನು ಅಷ್ಟು ತಾಳ್ಮೆ ತೋರಿಸಿದನಾದರೆ, ತಲೆಮಾರುಗಳ ಅನ್ನವನ್ನು ಕುರಿತು ತೀರ್ಮಾನಿಸುವ ನಾವು ಒಂದು ವಾರವಾದರೂ ತಾಳಬಾರದೇ?