ರಾಜಕುಮಾರಿ ಅಮೃತ್ ಕೌರ್ ಮತ್ತು ರಾಷ್ಟ್ರದ ಕ್ರೀಡಾಶಿಕ್ಷಣ

ಸ್ವತಂತ್ರ ಭಾರತದ ಪ್ರಥಮ ಆರೋಗ್ಯ ಸಚಿವೆಯೆಂದು ರಾಜಕುಮಾರಿ ಅಮೃತ್ ಕೌರ್ ಅವರ ಹೆಸರನ್ನು ವಿದ್ಯಾವಂತರೆಲ್ಲ ಬಲ್ಲರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸ್ಥಾಪನೆಗೆ ಅವರು ಪಟ್ಟ ಶ್ರಮವೂ ಸರ್ವವಿದಿತ. ಆದರೆ ಈ ದೇಶದ ಕ್ರೀಡಾಪಟುಗಳಿಗೆ ಕ್ರಮಬದ್ಧವಾದ ಶಿಕ್ಷಣ ದೊರೆಯಬೇಕೆಂದು ಮೊದಲಿಗೆ ಕೈಹಾಕಿದವರಲ್ಲಿ ಅವರು ಅಗ್ರಗಣ್ಯರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1880ರ ದಶಕದಲ್ಲಿ ಲಖನೌದಲ್ಲಿ ಅವರ ಜನನ. ತಂದೆ ರಾಜಾ ಸರ್ ಹರ್ನಾಮ್ ಸಿಂಗ್ ಕಪೂರ್ತಲಾ ರಾಜಮನೆತನದವರು, ಕ್ರೈಸ್ತಧರ್ಮವನ್ನು ಸ್ವೀಕರಿಸಿದ್ದವರು. ವ್ಯಾಸಂಗಕ್ಕಾಗಿ ಇಂಗ್ಲೆಂಡಿನ ಶೆರ್ಬೋರ್ನ್ ಬಾಲಿಕಾ ಶಾಲೆಯನ್ನು ಸೇರಿದ ಅಮೃತ್ ಕೌರ್ ಅಲ್ಲಿ ಹಾಕಿ, ಕ್ರಿಕೆಟ್ ಮತ್ತು ಲಕ್ರಾಸ್ ತಂಡಗಳ ನಾಯಕಿಯಾದರು. ಸ್ವದೇಶಕ್ಕೆ ಮರಳಿದ ಮೇಲೆ ಟೆನಿಸ್ ಪಟುವಾಗಿ ಹೆಸರು ಗಳಿಸಿದರು. ನಮ್ಮ ಹೆಣ್ಣುಮಕ್ಕಳು ಪರದೆಯೊಳಗೆ ಬಾಳುತ್ತಿದ್ದ ಕಾಲವದು. ಆ ಪದ್ಧತಿಯ ವಿರುದ್ಧವೂ ಬಾಲ್ಯವಿವಾಹದ ವಿರುದ್ಧವೂ ಅವರು ನಿರಂತರ ಹೋರಾಡಿದರು. ಮಹಾತ್ಮಾ ಗಾಂಧಿಯವರ ಕಾರ್ಯದರ್ಶಿಯಾಗಿ ಸುಮಾರು 16 ವರ್ಷ ದುಡಿದರು, ಸೆರೆವಾಸವನ್ನೂ ಅನುಭವಿಸಿದರು.

ಅವರು ಸಚಿವೆಯಾಗಿದ್ದಾಗ ನಮ್ಮ ಕ್ರೀಡೆಯ ಸ್ಥಿತಿ ಹೇಗಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ ಕುಸ್ತಿಯ ಕಂಚಿನ ಪದಕ ಗೆದ್ದ ಖಾಶಾಬಾ ಜಾಧವ್ ಅವರ ಪ್ರಯಾಣಕ್ಕೆ ಊರವರು ವಂತಿಗೆ ಎತ್ತಬೇಕಾಯಿತು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿ ಒದಗಿಸಿದರು. ಅಂತಹ ಗುರುಗಳಿಗೆ ನಮಸ್ಕಾರ ಸಲ್ಲಲೇಬೇಕು. ಆದರೆ ಶಿಷ್ಯನ ಭಾಗ್ಯಕ್ಕಾಗಿ ಗುರು ಮನೆಯನ್ನು ಒತ್ತೆಯಿಡಬೇಕಾದ ಸ್ಥಿತಿ ಒಂದು ರಾಷ್ಟ್ರಕ್ಕೆ ಶೋಭೆಯಲ್ಲ.

ಮರುವರ್ಷ, 1953ರಲ್ಲಿ, ರಾಜಕುಮಾರಿ ಕ್ರೀಡಾ ತರಬೇತಿ ಯೋಜನೆ ಪ್ರಾರಂಭವಾಯಿತು. ದೇಶ ವಿದೇಶಗಳ ನಿಪುಣರಿಂದ ತರುಣರಿಗೆ ಶಿಕ್ಷಣ ಕೊಡಿಸುವುದು ಅದರ ಉದ್ದೇಶ. ಮಲೇರಿಯ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದೂ ಅದೇ ವರ್ಷ ಎಂಬುದನ್ನು ಗಮನಿಸಬೇಕು. ರೋಗಿಗೆ ಹಾಸಿಗೆ ಸಾಲದ ನಾಡಿನಲ್ಲಿ ಆಟಕ್ಕೇಕೆ ಹಣವೆಂಬ ಪ್ರಶ್ನೆ ಸಹಜವೇ. ಎಳವೆಯಿಂದಲೂ ಆಟದ ಬಯಲನ್ನು ಬಲ್ಲ ಆ ಮಹಿಳೆಗೆ ಮಾತ್ರ ಇವೆರಡೂ ಒಂದೇ ಸೇವೆಯ ಅಂಗಗಳಾಗಿ ಕಂಡಿರಬೇಕು.

1954ರಲ್ಲಿ ಕೇಂದ್ರ ಸರ್ಕಾರವು ಅಖಿಲ ಭಾರತ ಕ್ರೀಡಾ ಪರಿಷತ್ತನ್ನು ರಚಿಸಿತು. ಅದು ಸಲಹೆ ನೀಡುವ ಮಂಡಲಿ. ಆಟ ಕಲಿಸುವವರನ್ನೇ ಸಿದ್ಧಗೊಳಿಸುವ ಸಂಸ್ಥೆಯೊಂದರ ಕೊರತೆ ಹಾಗೆಯೇ ಉಳಿಯಿತು. 1961ರಲ್ಲಿ ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಸ್ಥಾಪನೆಯಾದಾಗ ಆ ಕೊರತೆ ನೀಗಿತು. ಹಾಕಿಯ ಮಾಂತ್ರಿಕ ಧ್ಯಾನಚಂದ್ ಅಲ್ಲಿ ಮುಖ್ಯ ತರಬೇತುದಾರರಾದರು. ಅರಸರು ವಾಸಿಸಿದ್ದ ಅಂಗಳದಲ್ಲಿ ಸಾಮಾನ್ಯರ ಮಕ್ಕಳು ಓಡುವಂತಾಯಿತು. ರಾಜಕುಮಾರಿಯವರ ಹೆಸರಿನ ಯೋಜನೆಯ ಕಾರ್ಯವೂ ಕ್ರಮೇಣ ಆ ಸಂಸ್ಥೆಯಲ್ಲಿ ಲೀನವಾಯಿತು.

ಅವರು 1957ರಲ್ಲಿ ಸಚಿವಪದವಿಯಿಂದ ನಿವೃತ್ತರಾದರು, 1964ರಲ್ಲಿ ದಿವಂಗತರಾದರು. ಶಿಮ್ಲಾದಲ್ಲಿದ್ದ ತಮ್ಮ ಪಿತ್ರಾರ್ಜಿತ ಮನೆ ಮ್ಯಾನರ್‌ವಿಲ್ ಅನ್ನು ವೈದ್ಯಕೀಯ ಸಂಸ್ಥೆಯ ದಾದಿಯರ ಮತ್ತು ಸಿಬ್ಬಂದಿಯ ವಿಶ್ರಾಂತಿಗಾಗಿ ದಾನಮಾಡಿದ್ದರು. ಏಷ್ಯಾ ಕ್ರೀಡಾಕೂಟದ ತರುವಾಯ, 1984ರಲ್ಲಿ, ಭಾರತ ಕ್ರೀಡಾ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದಿತು. 1987ರಲ್ಲಿ ಪಟಿಯಾಲದ ಸಂಸ್ಥೆಯೂ ಅದರೊಳಗೆ ಸೇರಿತು. ನಮ್ಮ ಬೆಂಗಳೂರಿನಲ್ಲಿ ತರಬೇತುದಾರರನ್ನು ಸಿದ್ಧಗೊಳಿಸುತ್ತಿರುವ ದಕ್ಷಿಣ ಕೇಂದ್ರವು ಅದೇ ಪ್ರಾಧಿಕಾರದ ಶಾಖೆ.